ಬಂದು ಪಡೆದಿಲ್ಲ

ಸತ್ಯವತಿಯವರ ಹಣೆಗೆ ಕುಂಕುಮ ಹಚ್ಚುತ್ತಿದ್ದ ಕಲ್ಯಾಣಮ್ಮ ಕೈ ತಡೆದು ತಲೆಯೆತ್ತಿದರು. “ತವರಿನ ಸೀರೆ ಎಲ್ಲಿ ಸೀತಾ?”

ಮುತ್ತೈದೆಯಾಗಿ ಹೋದವಳ ಮೈಮೇಲೆ ಹೊದಿಸುವ ಕೊನೆಯ ಸೀರೆ ತವರಿನಿಂದ ಬರಬೇಕು. ಸತ್ಯವತಿಯವರಿಗೆ ಉಳಿದಿದ್ದ ತವರೆಂದರೆ ತಂಗಿ ಸೀತಾ ಒಬ್ಬಳೇ. ಬೆಳಗಿನ ಜಾವ ಫೋನ್ ಬಂದೊಡನೆ ಮೈಸೂರಿನಿಂದ ಹೊರಟು ಕೆಂಗೇರಿಯಲ್ಲಿ ಇಳಿದವಳ ಕೈಯಲ್ಲಿ ನೀರಿನ ಬಾಟಲಿ ಮಾತ್ರ ಇತ್ತು.

“ಮರ್ತೇಹೋಯ್ತು.”

“ಮರೆಯೋಂಥದ್ದಾ ಇದು? ಎರಡು ವರ್ಷ ಅಕ್ಕನ ಹತ್ರ ಮಾತು ಬಿಟ್ಟೆ, ಸರಿ. ಸೀರೇನೂ ಬಿಟ್ಟುಬಂದ್ಯಲ್ಲೇ.”

“ಬಿಡಕ್ಕ,” ಎಂದರು ಸತ್ಯವತಿಯವರ ಗಂಡ ಶ್ಯಾಮಸುಂದರ. ಕಲ್ಯಾಣಮ್ಮ ಅವರ ಅಕ್ಕ. ಆಮೇಲೆ ಸೀತಾಳತ್ತ ತಿರುಗಿ ಮೆಲ್ಲಗೆ ಕೇಳಿದರು: “ಹೋದ ತಿಂಗಳು ಸತ್ಯ ನಿಂಗೊಂದು ಪಾರ್ಸೆಲ್ ಕಳಿಸಿದ್ಲು. ತಲುಪ್ತಾ?”

“ಇಲ್ಲ ಭಾವ. ನಾವು ಊರಲ್ಲಿರ್ಲಿಲ್ಲ. ಬೀಗ ಹಾಕಿತ್ತು.”

ವ್ಯಾನಿನ ಚಾಲಕ ಬಾಗಿಲಲ್ಲಿ ತಲೆ ಹಾಕಿದ. “ಸಾರ್, ಚಿತಾಗಾರದಲ್ಲಿ ಹನ್ನೆರಡೂವರೆಗೆ ಟೈಮ್ ಕೊಟ್ಟಿದಾರೆ. ಲೇಟಾದ್ರೆ ಬೇರೆಯವರದ್ದು ತಗೊಂಡ್‌ಬಿಡ್ತಾರೆ.”

*

ಶಾಲೆಯೊಂದರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸೀಸೆಗಳಿಗೆ ಹೆಸರಿನ ಚೀಟಿ ಅಂಟಿಸಿದ್ದ ಸತ್ಯವತಿ, ನಿವೃತ್ತರಾದ ಮೇಲೆ ಬೀದಿಯ ಟಪಾಲನ್ನು ನೋಡಿಕೊಳ್ಳತೊಡಗಿದ್ದರು. ಅದು ಶುರುವಾದದ್ದು ಅಂಚೆಯ ಶಿಲ್ಪಾ ಆ ಬೀದಿಗೆ ಹೊಸದಾಗಿ ಬಂದ ವಾರ. ಎದುರುಮನೆಗೆ ಬೀಗವಿತ್ತು.

“ಆಂಟಿ, ಅವರದ್ದೊಂದು ರಿಜಿಸ್ಟರ್ಡ್ ಇದೆ, ಇಸ್ಕೊಳ್ಳಿ. ಸಂಜೆ ಕೊಟ್ಬಿಡಿ.”

“ನನ್ನ ಕೈಗೆ ಕೊಡಬಹುದು ಅಂತ ಬರ್ಕೊಟ್ಟಿದಾರಾ?”

“ಇಲ್ಲ.”

“ಹಾಗಾದ್ರೆ ಕೊಡೋ ಹಾಗಿಲ್ಲ ಕಣಮ್ಮ. ಚೀಟಿ ಹಾಕಿ ಹೋಗು. ಏಳು ದಿನ ಆಫೀಸಲ್ಲಿಟ್ಕೊಂಡು ಕಾಯ್ಬೇಕು. ಆಮೇಲೂ ಬರ್ಲಿಲ್ಲ ಅಂದ್ರೆ ವಾಪಸ್. ನಿಂಗೆ ಹೇಳ್ಕೊಟ್ಟಿಲ್ವಾ?”

ಮರುದಿನವೇ ಅವರು ಹನ್ನೊಂದು ಮನೆಗಳ ಬಾಗಿಲು ತಟ್ಟಿ, ಪ್ರತಿಯೊಬ್ಬರಿಂದ ಒಪ್ಪಿಗೆ ಪತ್ರ ಬರೆಸಿ ಅಂಚೆ ಕಚೇರಿಗೆ ಕೊಟ್ಟುಬಂದರು. ಅಲ್ಲಿಂದ ಮುಂದೆ ಟಪಾಲು ಬರುವ ತನಕ ಮನೆಬಿಟ್ಟು ಕದಲಲಿಲ್ಲ. ಡಾಕ್ಟರ ಬಳಿ ಹೋಗುವುದಿದ್ದರೂ ಮಧ್ಯಾಹ್ನ ಎರಡರ ಮೇಲೆ.

ಎಲ್ಲರಿಗಾಗಿ ಕಾಯುತ್ತಿದ್ದ ಅಕ್ಕ, ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡ ದಿನ ತನಗಾಗಿ ಒಂದು ಗಂಟೆ ಕಾಯಲಿಲ್ಲ. ಸೀತಾಳ ಸಿಟ್ಟು ಅದೇ. ಸೂರ್ಯ ಮುಳುಗುವ ಮೊದಲೇ ಸಂಸ್ಕಾರ ಆಗಲಿ ಎಂದು ಹಿರಿಯರು ಹೇಳಿದ್ದಕ್ಕೆ ಸತ್ಯವತಿ ತಲೆಯಾಡಿಸಿದ್ದರು. ಸೀತಾ ಬಂದು ತಲುಪಿದಾಗ ಸ್ಮಶಾನಕ್ಕೆ ಹೋದವರು ವಾಪಸ್ಸಾಗಿ ಸ್ನಾನ ಮುಗಿಸಿದ್ದರು.

*

ಹನ್ನೊಂದೂವರೆಗೆ ಎಂದಿನಂತೆ ಬಂದ ಶಿಲ್ಪಾ ಗೇಟಿನಲ್ಲೇ ನಿಂತುಬಿಟ್ಟಳು. ಚಪ್ಪಲಿ ಬಿಟ್ಟು ಒಳಬಂದು, ಕೈಮುಗಿದು, ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದಳು.

“ಇವತ್ತು ಯಾರದ್ದಾದ್ರೂ ಇದ್ಯಾ?” ಶ್ಯಾಮಸುಂದರ ಕೇಳಿದರು.

“ಆಂಟಿದೇ ಸಾರ್. ಅವರು ಕಳಿಸಿದ್ದು ವಾಪಸ್ ಬಂದಿದೆ. ನಾಳೆ ತರ್ತೀನಿ ಬಿಡಿ.”

“ಕೊಡಮ್ಮ, ನಾನು ಸೈನ್ ಮಾಡ್ತೀನಿ. ನಾಳೆ ಅಂದ್ರೆ ಅವಳು ಒಪ್ತಿರ್ಲಿಲ್ಲ.”

ಬಿಳಿ ಬಟ್ಟೆಯಲ್ಲಿ ಒತ್ತಾಗಿ ಹೊಲಿದ ಕಟ್ಟು. ಮೂಲೆಯಲ್ಲಿ ಮೈಸೂರಿನ ಅಂಚೆಯವನು ಬರೆದಿದ್ದ ಷರಾ: ‘ಖುದ್ದಾಗಿ ತಿಳಿಸಿದೆ. ಏಳು ದಿನ ಕಾಯ್ದಿದೆ. ಬಂದು ಪಡೆದಿಲ್ಲ.’ ಶ್ಯಾಮಸುಂದರ ಕನ್ನಡಕ ಏರಿಸಿ ಎರಡು ಸಲ ಓದಿದರು.

“ಏನು ಬರ್ದಿದಾರೋ?” ಕಲ್ಯಾಣಮ್ಮ ಕೇಳಿದರು.

“ಬಾಗಿಲು ಹಾಕಿತ್ತಂತೆ.”

ಸೀತಾಳಿಗೆ ಷರಾ ಕಾಣುತ್ತಿತ್ತು. ಆ ಅಂಚೆಯವನು ಗೇಟಿನ ಬಳಿ ಸಿಕ್ಕಿ ಚೀಟಿ ಕೊಟ್ಟಿದ್ದ. ಪಾರ್ಸೆಲ್ ಆಫೀಸಲ್ಲಿದೆ, ಗುರುತಿನ ಚೀಟಿ ತಂದು ಬಿಡಿಸಿಕೊಳ್ಳಿ ಅಮ್ಮ, ಎಂದಿದ್ದ. ಅದರಲ್ಲಿ ಕಳಿಸಿದವರ ಹೆಸರು ನೋಡಿ, ‘ಬರ್ತೀನಿ’ ಎಂದಷ್ಟೇ ಹೇಳಿದ್ದಳು. ಅಂಚೆ ಕಚೇರಿ ಎರಡೇ ಅಡ್ಡರಸ್ತೆಯಾಚೆ. ಏಳು ದಿನವೂ ಅದರ ಮುಂದೆಯೇ ಹಾಲಿಗೆ ಹೋಗಿಬಂದಿದ್ದಳು.

“ಇಲ್ಲ ಭಾವ,” ಎಂದಳು, ಎಲ್ಲರಿಗೂ ಕೇಳುವಂತೆ. “ನಾನು ಮನೇಲೇ ಇದ್ದೆ. ನಾನೇ ಹೋಗ್ಲಿಲ್ಲ.”

ಶ್ಯಾಮಸುಂದರ ಕಟ್ಟನ್ನು ಅವಳ ಮಡಿಲಲ್ಲಿಟ್ಟರು. “ನಿಂದೇ ಇದು. ಬಿಚ್ಚು.”

“ಸಾರ್, ಟೈಮು...” ಚಾಲಕ ಮತ್ತೆ ಬಂದ.

“ಕಾಯ್ಲಿ.”

“ಸ್ಲಾಟ್ ಹೋಗತ್ತೆ ಸಾರ್.”

“ಹೋದ್ರೆ ಇನ್ನೊಂದು ತಗೊಳ್ಳೋಣ. ತಂಗಿ ಬಿಚ್ಚೋವರೆಗೂ ಎತ್ತೋ ಹಾಗಿಲ್ಲ.”

ಶಿಲ್ಪಾ ಚೀಲದಿಂದ ಸಣ್ಣ ಕತ್ತರಿ ತೆಗೆದುಕೊಟ್ಟಳು. ಸೀತಾ ಒಂದೊಂದೇ ಹೊಲಿಗೆ ಬಿಡಿಸಿದಳು. ಒಳಗೆ, ಅಮ್ಮನಿಗೆಂದು ಅಪ್ಪ ತಂದಿದ್ದ ಕೆಂಪಂಚಿನ ಹಸಿರು ರೇಷ್ಮೆ ಸೀರೆ. ಮಡಿಕೆಗಳ ನಡುವೆ ಕಾಗದಕ್ಕಾಗಿ ಬೆರಳಾಡಿಸಿದಳು. ಇರಲಿಲ್ಲ.

“ತವರಿಂದೇ ಅಲ್ವಾ ಇದು?” ಎಂದಳು.

ಕಲ್ಯಾಣಮ್ಮ ಎದ್ದು ಇನ್ನೊಂದು ತುದಿ ಹಿಡಿದರು. “ಸೆರಗು ಮೇಲೆ ಬರ್ಲಿ ಕಣೇ.”

ಇಬ್ಬರೂ ಸೀರೆಯನ್ನು ಕೊರಳವರೆಗೆ ಹೊದಿಸಿದರು. ವರ್ಷಗಟ್ಟಲೆ ಮಡಚಿಟ್ಟಿದ್ದರ ಗೆರೆಗಳು ಮೈಯುದ್ದಕ್ಕೂ ಚೌಕ ಚೌಕವಾಗಿ ಎದ್ದು ನಿಂತಿದ್ದವು. ಸೀತಾ ಅಂಗೈಯಿಂದ ಒಂದನ್ನು ಸವರಿದಳು. ಅದು ತಗ್ಗಿ, ಕೈ ತೆಗೆದೊಡನೆ ಮತ್ತೆ ಎದ್ದಿತು. ಹೊರಗೆ ಚಾಲಕ ಎಂಜಿನ್ ಆರಿಸಿದ. ಅವಳು ಮುಂದಿನ ಗೆರೆಯ ಮೇಲೆ ಕೈಯಿಟ್ಟಳು.