ಒಬ್ಬಳೇ ಇದ್ದ ತಂಡ

ಆ ವರ್ಷ ನಮ್ಮ ದೇಶದ ತಂಡವೆಂದರೆ ಒಬ್ಬಳೇ ಹುಡುಗಿ, ನನ್ನ ತಮ್ಮ ಹಾನುಸನ ಮಗಳು ಬೈಂತಾ. ಅವಳ ಹಿಂದೆ ತರಬೇತಿ ಕೊಡುವವಳು, ಕ್ರೀಡಾಸಂಘದ ಅಧ್ಯಕ್ಷ, ರೇಡಿಯೋದವನು ಎಲ್ಲರೂ ಹೊರಟಿದ್ದರು. ಈಜುವವಳು ಮಾತ್ರ ಒಬ್ಬಳು. ಬೇರೆ ದೇಶದವರು ನೋಡಿ ನಗಬಹುದು. ನಗಲಿ. ಜನರಿಗಿಂತ ಕುರಿಗಳೇ ಹೆಚ್ಚಿರುವ ಫಾರೋ ದ್ವೀಪಗಳಿಂದ ಇನ್ನೆಷ್ಟು ಮಂದಿ ಹೋಗಲು ಸಾಧ್ಯ?

ಆಟದ ಮಟ್ಟಿಗೆ ನಮ್ಮ ಕಥೆಯೇ ವಿಚಿತ್ರ. ಒಲಿಂಪಿಕ್ಸಿನಲ್ಲಿ ನಮಗೆ ಸ್ವಂತ ಹೆಸರಿಲ್ಲ. ನಮ್ಮ ಹುಡುಗರು ಎಷ್ಟೇ ಚೆನ್ನಾಗಿ ಈಜಲಿ, ದೋಣಿ ಹುಟ್ಟು ಹಾಕಲಿ, ಅಲ್ಲಿಗೆ ಹೋಗಬೇಕಾದರೆ ಡೆನ್ಮಾರ್ಕಿನ ಅಂಗಿ ತೊಡಬೇಕು. ಎರಡು ವರ್ಷಕ್ಕೊಮ್ಮೆ ನಡೆಯುವ ದ್ವೀಪಗಳ ಕೂಟದಲ್ಲಿ ಮಾತ್ರ ನಾವು ನಾವೇ. ಶೆಟ್‌ಲ್ಯಾಂಡ್, ಜರ್ಸಿ, ಓಲ್ಯಾಂಡಿನವರ ಜೊತೆ ಸೆಣಸಿ ಚೀಲ ತುಂಬ ಪದಕ ತಂದಿದ್ದೇವೆ. ವಯಸ್ಸಿದ್ದಾಗ ನಾನೂ ಒಂದು ತಂದಿದ್ದೆ. ಆದರೆ ಅದನ್ನೆಲ್ಲ ದ್ವೀಪದವರ ಹೊರತು ನೋಡುವವರು ಯಾರು? ಇಡೀ ಜಗತ್ತು ಕಣ್ಣಿಟ್ಟು ನೋಡುವ ಕಡೆ ನಮಗೆ ತೆರೆದದ್ದು ಒಂದೇ ಬಾಗಿಲು, ಅಂಗವಿಕಲರ ಪ್ಯಾರಾಲಿಂಪಿಕ್ಸ್. ಎಂಬತ್ತರ ದಶಕದಲ್ಲಿ ಅಲ್ಲಿ ನಮ್ಮ ಹೆಸರು ಸೇರಿತು. ಕಾಲಿಲ್ಲದವರು, ಕಣ್ಣಿಲ್ಲದವರು ಹೋಗಿ ನಮ್ಮ ಬಿಳಿ ಬಾವುಟವನ್ನು, ಅದರ ಕೆಂಪು ನೀಲಿ ಶಿಲುಬೆಯನ್ನು ಎತ್ತಿ ಹಿಡಿದರು. ಕೈಕಾಲು ಗಟ್ಟಿಯಿರುವವರಿಗೆ ಸಿಗದ ದೇಶ ಅವರಿಗೆ ಸಿಕ್ಕಿತು. ಇದನ್ನು ನೆನೆದಾಗೆಲ್ಲ ನನಗೆ ಹೆಮ್ಮೆಯೂ ಆಗುತ್ತದೆ, ಸಿಟ್ಟೂ ಬರುತ್ತದೆ.

ಬೈಂತಾಳ ಕಣ್ಣಿನ ಕಾಯಿಲೆ ನಮ್ಮ ರಕ್ತದಲ್ಲೇ ಇದೆ. ನನ್ನ ಅಮ್ಮನಿಗೂ ಇತ್ತು. ಸಮುದ್ರದ ನಡುವೆ ಇರುವಷ್ಟೇ ಮಂದಿ ತಮ್ಮೊಳಗೇ ಕೊಟ್ಟು ತಂದು ಮಾಡಿದ ಮೇಲೆ ಕಾಯಿಲೆಯೂ ನೆಂಟಸ್ತನದಂತೆ ಮನೆಯಿಂದ ಮನೆಗೆ ಹೋಗುತ್ತದೆ. ಹುಡುಗಿಯ ಬಲಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಎಡಗಣ್ಣಿನಲ್ಲಿ ಮಸುಕಾಗಿ ಕಾಣುತ್ತಿತ್ತು. ಬಣ್ಣ ತಿಳಿಯುತ್ತಿತ್ತು, ದಪ್ಪ ಅಕ್ಷರ ಓದುತ್ತಿದ್ದಳು, ಊಟದ ಮೇಜಿನ ಆಚೆ ಕುಳಿತ ಅಪ್ಪನ ಮುಖ ಕಾಣುತ್ತಿತ್ತು. ತಾಯಿ ಇಲ್ಲದ ಮಗು, ಅಪ್ಪ ತಿಂಗಳುಗಟ್ಟಲೆ ಮೀನಿನ ಹಡಗಿನಲ್ಲಿ. ಸಾಕಿದ್ದು ಅತ್ತೆಯಾದ ನಾನು, ಊರಿನ ಕೊಳದಲ್ಲಿ ಈಜು ಕಲಿಸಿದ್ದೂ ನಾನೇ.

ಆ ವಸಂತದಲ್ಲಿ ಕೋಪನ್‌ಹೇಗನ್ನಿನ ಡಾಕ್ಟರು ಅವಳ ಎಡಗಣ್ಣು ನೋಡಿ ಮುಖ ಗಂಟು ಹಾಕಿಕೊಂಡರು. ಕಣ್ಣಿನ ಒಳಪರದೆ ಗೋಡೆ ಬಿಟ್ಟು ಸಡಿಲವಾಗುತ್ತಿದೆ ಎಂದರು. ಜೂನ್‌ನಲ್ಲಿ ಆಪರೇಷನ್ ಮಾಡಿದರೆ ಇರುವಷ್ಟು ದೃಷ್ಟಿ ಉಳಿಸಬಹುದು, ಆಮೇಲೆ ಕ್ರಿಸ್‌ಮಸ್‌ವರೆಗೆ ನೀರಿಗೆ ಇಳಿಯುವಂತಿಲ್ಲ. ಪ್ಯಾರಾಲಿಂಪಿಕ್ಸ್ ಇದ್ದದ್ದು ಆಗಸ್ಟ್ ಕೊನೆಗೆ. ಆಪರೇಷನ್ ಮುಂದೂಡಿದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಶರತ್ಕಾಲದವರೆಗೆ ತಡೆದರೂ ತಡೆಯಬಹುದು, ನಾಳೆಯೇ ಕಳಚಿದರೂ ಕಳಚಬಹುದು, ನೀರಿಗೆ ಧುಮುಕಿದಷ್ಟೂ ಅಪಾಯ ಹೆಚ್ಚು ಎಂದರು.

ಮಾರನೆಯ ವಾರವೇ ಸಂಘದ ಅಧ್ಯಕ್ಷ ಸಾಮಲ್ ನಮ್ಮ ಮನೆಗೆ ಬಂದ. ಒಳ್ಳೆಯವನು, ಅವನ ತೊಂದರೆಯೇ ಅದು. ನಾನು ಕಾಫಿ ಬಗ್ಗಿಸಿ ದೋಸೆಯಂಥ ತೆಳು ಪ್ಯಾನ್‌ಕೇಕಿಗೆ ರೂಬಾರ್ಬ್ ಎಂಬ ಹುಳಿದಂಟಿನ ಜಾಮ್ ಹಚ್ಚಿ ಕೊಟ್ಟೆ. ಹವಾಮಾನ ಮಾತಾಡಿದ, ಕುರಿಗಳ ಬಗ್ಗೆ ಮಾತಾಡಿದ, ನಾಲ್ಕನೆಯ ಪ್ಯಾನ್‌ಕೇಕ್ ತಿಂದ.

"ವಿಷಯಕ್ಕೆ ಬಾ ಮಾರಾಯ. ನೀನು ಬಂದಿದ್ದು ನನ್ನ ಜಾಮ್ ತಿನ್ನೋಕಲ್ಲ," ಅಂದೆ.

"ಎಲ್ಸ್ಪಕ್ಕ, ನಾನು ಹೋಗು ಅಂತ ಹೇಳೋಕೆ ಬಂದಿಲ್ಲ. ಕಣ್ಣು ಅವಳದ್ದು. ಬೇರೆಯವರು ಹೇಗೆ ಹೇಳೋಕಾಗತ್ತೆ?"

"ಸರಿ. ಹಾಗಿದ್ರೆ ಹೇಳ್ಬೇಡ."

"ಇಲ್ಲ, ಹೇಳಲ್ಲ." ಬೈಂತಾಳ ಕಡೆ ತಿರುಗಿದ. "ಒಂದೇ ಮಾತು, ಪುಟ್ಟಿ. ಈ ಸಲ ಅರ್ಹತೆ ಸಿಕ್ಕಿರೋದು ನಿನಗೊಬ್ಬಳಿಗೇ. ಮೊದಲ ಸಲದಿಂದ ಇವತ್ತಿನವರೆಗೂ ನಮ್ಮ ಬಾವುಟ ಅಲ್ಲಿ ತಪ್ಪಿಲ್ಲ. ಅಷ್ಟು ನಿಂಗೆ ಗೊತ್ತಿರ್ಲಿ ಅಂತ."

"ಬೆಣ್ಣೆ ಸವರಿ ಚಾಕು ಹಾಕೋದು ಅಂದ್ರೆ ಇದೇ ಅಲ್ವಾ ಸಾಮಲ್?" ಅಂದೆ.

ಅವನು ಕೆಂಪಾದ. ಬೈಂತಾ ಮಾತ್ರ ನಕ್ಕಳು. "ಬಿಡು ಅತ್ತೆ. ಅವರು ಕೇಳಿದ್ದಲ್ಲ, ಹೇಳಿದ್ದಷ್ಟೇ."

ಆಮೇಲೆ ಊರೂ ಹಾಗೇ ಮಾಡಿತು. ಯಾರೂ ಹೋಗು ಎನ್ನಲಿಲ್ಲ. ಅಂಗಡಿಯಲ್ಲಿ ಸಿಕ್ಕವಳು ಅವಳ ಭುಜ ತಟ್ಟಿ ಸುಮ್ಮನೆ ಹೋದಳು. ಚರ್ಚಿನ ಹೆಂಗಸರು ಕೇಳದೆಯೇ ಅವಳಿಗೆಂದು ಸ್ವೆಟರ್ ಹೆಣೆಯಲು ಶುರುಮಾಡಿದರು. ಯಾರೂ ಬಲವಂತ ಮಾಡಲಿಲ್ಲ, ಅದೇ ದೊಡ್ಡ ಬಲವಂತ. ಕೊನೆಗೆ ನಡುಗಡಲಿನಿಂದ ಹಾನುಸ್ ಫೋನು ಮಾಡಿದ. ನನ್ನ ತಮ್ಮ ಮಾತು ಬಲ್ಲವನಲ್ಲ. ಮನೆಯಲ್ಲಿದ್ದರೂ ಇದ್ದಾನೋ ಇಲ್ಲವೋ ಎಂದು ಕೋಣೆಗೆ ಇಣುಕಿ ನೋಡಬೇಕು.

"ಆಪರೇಷನ್ ಮೊದಲು ಮಾಡಿಸು ಅಂತ ಹೇಳೋ," ಎಂದು ನಾನು ಅವನಿಗೆ ಹೇಳಿ ಫೋನನ್ನು ಬೈಂತಾಳ ಕೈಗೆ ಕೊಟ್ಟೆ. ಅವನು ಬಹಳ ಹೊತ್ತು ಸುಮ್ಮನಿದ್ದನಂತೆ. ಆಮೇಲೆ, "ನಿನ್ನಿಷ್ಟ ಕಣೇ," ಅಂದನಂತೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಹಡಗಿನವರೆಲ್ಲ ನಿನ್ನನ್ನೇ ಕೇಳ್ತಾರೆ," ಅಂದನಂತೆ. ಅವನ ಬಾಯಿಂದ ಅಷ್ಟು ಬಂದರೆ ಬೇರೆಯವರು ಒಂದು ಭಾಷಣ ಮಾಡಿದ ಹಾಗೆ.

ಬೈಂತಾ ಮರುದಿನ ಆಸ್ಪತ್ರೆಗೆ ಫೋನು ಮಾಡಿ ಆಪರೇಷನ್ನನ್ನು ಅಕ್ಟೋಬರಿಗೆ ಹಾಕಿಸಿಕೊಂಡಳು.

ನಾನು ಜಗಳವಾಡಿದೆ. ಪಾತ್ರೆ ಕುಕ್ಕಿದೆ, ಎರಡು ದಿನ ಮಾತು ಬಿಟ್ಟೆ. "ಬಾವುಟ ನಿನಗೆ ಊಟ ಹಾಕತ್ತಾ? ಬಾವುಟ ನಿನ್ನ ಕೈ ಹಿಡಿದು ರಸ್ತೆ ದಾಟಿಸತ್ತಾ?" ಅಂದೆ.

"ಅತ್ತೆ, ನನ್ನ ಕಣ್ಣು ಹೇಗಿದ್ರೂ ಅರ್ಧ. ಈಜೋದು ಮಾತ್ರ ನಾನು ಪೂರ್ತಿ ಮಾಡೋ ಕೆಲಸ," ಅಂದಳು.

ಬೇಸಿಗೆಯೆಲ್ಲ ಈಜಿದಳು. ನಮ್ಮಲ್ಲಿ ಒಬ್ಬರ ಮೈ ಹೇಗಿದೆ ಎಂದು ಇನ್ನೊಬ್ಬರು ಕೇಳುವುದಿಲ್ಲ. ಇಷ್ಟು ಹತ್ತಿರ ಹತ್ತಿರ ಬದುಕುವವರು ಅಷ್ಟಾದರೂ ದೂರ ಇಟ್ಟುಕೊಳ್ಳಬೇಕೆಂಬುದು ಹಿರಿಯರ ಕಾಲದಿಂದ ಬಂದ ರೀತಿ. ಕಾಲು ಕಳೆದುಕೊಂಡು ಬಂದವನನ್ನೂ ಮೀನು ಸಿಕ್ಕಿತಾ ಎಂದೇ ಕೇಳುತ್ತೇವೆ. ಹಾಗಾಗಿ ಬೈಂತಾಳನ್ನು ಕಣ್ಣು ಹೇಗಿದೆ ಎಂದು ಯಾರೂ ಕೇಳಲಿಲ್ಲ. ಅವಳು ಹೊರಟ ದಿನ ಊರೆಲ್ಲ ಹಡಗುಕಟ್ಟೆಗೆ ಬಂದು, ಮೀನುಗಾರರನ್ನು ಕಳಿಸುವಾಗ ಹಾಡುವ ಕೀರ್ತನೆಯನ್ನೇ ಹಾಡಿತು. ಅವಳು ಸ್ವೆಟರ್ ತೊಟ್ಟು ದೋಣಿಯ ಕಟಕಟೆ ಹಿಡಿದು ಕೈ ಬೀಸಿದಳು.

ಉದ್ಘಾಟನೆಯ ಮೆರವಣಿಗೆಯಲ್ಲಿ ಬಾವುಟ ಹಿಡಿದು ಅವಳೇ ನಡೆದಳು. ಪಕ್ಕದಲ್ಲಿ ಸಾಮಲ್ ಮೊಳಕೈ ಕೊಟ್ಟಿದ್ದ. ಅಷ್ಟು ದೊಡ್ಡ ದೇಶಗಳ ನಡುವೆ ನಮ್ಮವರು ಟಿವಿಯಲ್ಲಿ ಕಂಡದ್ದು ಒಂದು ಉಸಿರಿನಷ್ಟು ಹೊತ್ತು. ನನಗೂ ಅಳು ಬಂತು. ಸಿಟ್ಟಿದ್ದರೂ ಬಂತು.

ಎರಡು ದಿನ ಬಿಟ್ಟು ಬೆಳಗ್ಗೆ ರೇಡಿಯೋದಲ್ಲಿ ಸುದ್ದಿ ಬಂತು. ಅಲ್ಲಿನ ವೈದ್ಯರು ನಿಯಮದಂತೆ ಕಣ್ಣು ಪರೀಕ್ಷಿಸಿ ಬೈಂತಾಳನ್ನು ಬೇರೆ ಗುಂಪಿಗೆ ಸೇರಿಸಿದ್ದಾರೆ, ಹೊಸ ಗುಂಪಿನಲ್ಲಿ ನಮಗೆ ಪದಕದ ಅವಕಾಶ ಹೆಚ್ಚು ಎಂದು ರೇಡಿಯೋದವನು ಉಬ್ಬಿ ಉಬ್ಬಿ ಹೇಳಿದ. ರಜೆಗೆ ಮನೆಗೆ ಬಂದಿದ್ದ ಹಾನುಸ್ ಒಣಮೀನು ಕುಟ್ಟುತ್ತಿದ್ದವನು ಸುತ್ತಿಗೆ ಕೆಳಗಿಟ್ಟು ನಕ್ಕ. ಪಕ್ಕದ ಮನೆಯವಳು ಬೇಲಿಯಾಚೆಯಿಂದ ಕೈ ಎತ್ತಿದಳು. ಊರಿಗೆ ಊರೇ ಖುಷಿಪಟ್ಟಿತು.

ನಾನು ಮಾತ್ರ ರೇಡಿಯೋ ಆರಿಸಿದೆ. ಗುಂಪು ಮಾಡುವುದು ಕಣ್ಣು ಎಷ್ಟು ಕಾಣುತ್ತದೆ ಎಂಬುದರ ಮೇಲೆ. ಅವಳನ್ನು ಹಾಕಿದ್ದು ಕಪ್ಪು ಕನ್ನಡಕ ತೊಟ್ಟು ಈಜುವವರ ಗುಂಪಿಗೆ, ಏನೂ ಕಾಣದವರ ಗುಂಪಿಗೆ. ಇಷ್ಟು ವರ್ಷ ಈ ಕೂಟದ ಹಿಂದೆ ಬಿದ್ದಿರುವ ಜನಕ್ಕೆ ಇದು ಗೊತ್ತಿಲ್ಲವೆಂದಲ್ಲ. ಪದಕ ಎಂಬ ಮಾತು ಕಿವಿಗೆ ಬಿದ್ದಮೇಲೆ ಆ ಕಡೆ ಯಾರ ಮನಸ್ಸೂ ಹೋಗಲಿಲ್ಲ.

ಕೊಟ್ಟಿಗೆಯ ಹಿಂದೆ ಹೋಗಿ ಬೈಂತಾಳಿಗೆ ಫೋನು ಮಾಡಿದೆ.

"ಯಾವಾಗ ಹೋಯ್ತು?" ಅಂದೆ.

"ಜುಲೈನಲ್ಲಿ. ಮೇಲಿಂದ ಪರದೆ ಇಳಿದ ಹಾಗೆ ಇಳೀತು ಅತ್ತೆ. ಮೂರು ದಿನದಲ್ಲಿ."

"ನನ್ನ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ಯಲ್ಲೇ!"

"ನಿನ್ನ ಮನೇಲಿ ಯಾವುದು ಎಲ್ಲಿದೆ ಅಂತ ನಂಗೆ ಗೊತ್ತಿಲ್ವಾ? ಹೇಳಿದ್ರೆ ಆಸ್ಪತ್ರೆಗೆ ಹೊತ್ಕೊಂಡು ಹೋಗ್ತಿದ್ದೆ ನೀನು."

"ಹೋಗ್ತಿದ್ದೆ! ಆಗಲೇ ಹೋಗಿದ್ರೆ ಏನಾದ್ರೂ ಉಳೀತಿತ್ತೇನೋ."

"ಉಳೀತಿತ್ತೇನೋ." ಅವಳ ದನಿ ಸಣ್ಣದಾಯಿತು. "ಇಲ್ಲಿನ ಡಾಕ್ಟ್ರು ಈಗ ತಡ ಆಯ್ತು ಅಂದ್ರು. ಅಪ್ಪಂಗೆ ಹೇಳ್ಬೇಡ. ನಾನೇ ಹೇಳ್ತೀನಿ, ಬಂದ್ಮೇಲೆ."

ನಾನು ಒಳಗೆ ಹೋಗಿ ತಮ್ಮನಿಗೆ ಆಲೂಗಡ್ಡೆ ಬೇಯಿಸಿ ಬಡಿಸಿದೆ. ಅವನು ಆ ದಿನ ಎರಡು ಸಲ ಕೇಳಿ ಹಾಕಿಸಿಕೊಂಡ. ಮಾತನ್ನು ಒಳಗೇ ಇಟ್ಟುಕೊಂಡು ಓಡಾಡುವುದು ನನಗೆ ಬರುವ ವಿದ್ಯೆಯಲ್ಲ, ಆದರೂ ಬಾಯಿಗೆ ಬೀಗ ಹಾಕಿಕೊಂಡೆ.

ಅಂತಿಮ ಸ್ಪರ್ಧೆಯ ಮಧ್ಯಾಹ್ನ ಮೀನಿನ ಕಾರ್ಖಾನೆಯನ್ನೂ ಮುಚ್ಚಿ ಎಲ್ಲರೂ ದೋಣಿಗಳನ್ನು ಇಡುವ ದೋಣಿಮನೆಯಲ್ಲಿ ಸೇರಿದರು. ಗೋಡೆಗೆ ದೊಡ್ಡ ಪರದೆ ಕಟ್ಟಿದ್ದರು. ನನ್ನ ಪಕ್ಕದಲ್ಲಿ ಹಾನುಸ್, ಭಾನುವಾರದ ಕೋಟು ತೊಟ್ಟು. ಎಂಟು ಮಂದಿ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದರು. ಸೀಟಿ ಆಯಿತು. ಗೋಡೆ ಬಂದಿತೆಂದು ತಿಳಿಸಲು ತಲೆಯ ಮೇಲೆ ಕೋಲಿನಿಂದ ತಟ್ಟುತ್ತಾರೆ. ತಿರುವಿನಲ್ಲಿ ಅವಳಿಗೆ ತಟ್ಟಿದಾಗ ಐದನೆಯವಳಾಗಿದ್ದಳು. ಆಮೇಲೆ ನಾಲ್ಕು. ಆಮೇಲೆ ದೋಣಿಮನೆ ಕಿತ್ತುಹೋಗುವಂತೆ ಜನ ಕೂಗಿದ್ದರಿಂದ ನನಗೆ ಏನೂ ತಿಳಿಯಲಿಲ್ಲ. ಮೂರನೆಯವಳಾಗಿ ಗೋಡೆ ಮುಟ್ಟಿದ್ದಳು. ಕಂಚು.

ಹಾನುಸ್ ಅಳುತ್ತಿದ್ದ. ಅವನು ಅತ್ತದ್ದನ್ನು ನಾನು ಅಮ್ಮ ಸತ್ತಾಗಲೂ ನೋಡಿರಲಿಲ್ಲ. ಯಾರೋ ಅವನ ಬೆನ್ನು ಗುದ್ದುತ್ತಿದ್ದರು, ಯಾರೋ ಅವನಿಗೆ ಗ್ಲಾಸು ಕೊಟ್ಟರು. ನಾನು ನಡುವೆ ಕಂಬದಂತೆ ನಿಂತಿದ್ದೆ.

ಪದಕ ಕೊಡುವ ಹೊತ್ತಿಗೆ ಎಲ್ಲರೂ ಕೂತರು. ಅವಳ ಕೊರಳಿಗೆ ಪದಕ ಬಿತ್ತು. ಮೊದಲ ಇಬ್ಬರು ಹುಡುಗಿಯರನ್ನು ಅವರ ಸಹಾಯಕರು ಭುಜ ಹಿಡಿದು ಬಾವುಟಗಳಿದ್ದ ಕಡೆಗೆ ತಿರುಗಿಸಿದರು. ಬೈಂತಾ ಯಾರೂ ತನ್ನನ್ನು ಮುಟ್ಟಬಾರದು ಎಂದಿದ್ದಳಂತೆ. ಅಪ್ಪ ನೋಡುತ್ತಿರುತ್ತಾನೆ ಎಂದು. ಅವಳು ತಾನೇ ತಿರುಗಿದಳು, ಗದ್ದ ಎತ್ತಿದಳು, ನೆಟ್ಟಗೆ ನಿಂತಳು. ತಿರುಗಿದ್ದು ಮಾತ್ರ ಇನ್ನೊಂದು ಕಡೆಗೆ. ಬಾವುಟಗಳು ಅವಳ ಬೆನ್ನ ಹಿಂದೆ ಏರುತ್ತಿದ್ದವು. ಬಲಗೊನೆಯಲ್ಲಿ ನಮ್ಮದು, ಬಿಳಿ, ಜಗತ್ತೆಲ್ಲ ನೋಡುವ ಹಾಗೆ. ಅವಳು ಒಂದು ಖಾಲಿ ಗೋಡೆಯನ್ನು ನೋಡಿ ನಗುತ್ತಿದ್ದಳು.

ಚಪ್ಪಾಳೆ ಹೊಡೆಯುತ್ತಿದ್ದವರ ಕೈಗಳು ನಿಂತವು. ಗೆದ್ದ ದೇಶದ ಗೀತೆ ಮುಗಿಯುವವರೆಗೂ ದೋಣಿಮನೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

"ಎಲ್ಸ್ಪಾ," ಅಂದ ಹಾನುಸ್, "ಅವಳು ಯಾಕೆ ಆ ಕಡೆ ನೋಡ್ತಿದಾಳೆ?"

ನಾನು ಉತ್ತರ ಕೊಡಬೇಕಾಗಿ ಬರಲಿಲ್ಲ. ಅವನು ನನ್ನ ಮುಖ ನೋಡಿದ, ಎದ್ದು ಹೊರಗೆ ಹೋದ. ಒಬ್ಬೊಬ್ಬರಾಗಿ ಜನ ಕುರ್ಚಿಗಳನ್ನು ಸದ್ದಿಲ್ಲದೆ ಗೋಡೆಗೆ ಸರಿಸಿದರು.

ಹಡಗುಕಟ್ಟೆಯಲ್ಲಿ ಅವನ ಪಕ್ಕ ನಾನು ನಿಂತಿದ್ದಾಗ ಫೋನು ಬಂತು.

"ಅತ್ತೆ, ಸುಳ್ಳು ಹೇಳ್ಬೇಡ," ಅಂದಳು ಬೈಂತಾ. "ಸಾಮಲ್ ಎಲ್ಲ ಸರಿಯಾಯ್ತು ಅಂತಾರೆ, ದನಿ ಮಾತ್ರ ಸರಿ ಇಲ್ಲ. ನಾನು ಸರಿಯಾದ ಕಡೆ ತಿರುಗಿದ್ನಾ?"

"ಇಲ್ಲ ಕಣೇ."

"ಬಾವುಟ ಏರ್ತಾ?"

"ಏರ್ತು. ಚೆನ್ನಾಗಿ ಏರ್ತು."

"ಅಪ್ಪ ನೋಡಿದ್ನಾ?"

"ನೋಡಿದ."

"ಅವನಿಗೆ ಕೊಡು," ಅಂದಳು.

ನಾನು ಫೋನಿನ ಧ್ವನಿ ಜೋರು ಮಾಡಿ ಅವನ ಮುಂದೆ ಹಿಡಿದೆ. ಹಾನುಸ್ ಅದನ್ನು ನೋಡುತ್ತ ನಿಂತ. ತುಟಿ ಅಲುಗಿತು, ಮಾತು ಬರಲಿಲ್ಲ. ಅವನು ತಲೆಯಾಡಿಸಿದ, ಮಗಳು ಎದುರಿಗೇ ಇದ್ದಾಳೆ ಎಂಬಂತೆ.

"ಅಪ್ಪಾ?" ಎಂದಳು ಬೈಂತಾ. "ಶುಕ್ರವಾರ ಬರ್ತೀನಿ. ಜನ ತುಂಬ ಇರ್ತಾರೆ, ಹಾಡ್ತಾ ಇರ್ತಾರೆ. ನೀನು ಎಲ್ಲೋ ಮೂಲೇಲಿ ಸುಮ್ನೆ ನಿಂತಿರ್ತೀಯ, ನಂಗೊತ್ತು. ಹಾಗೆ ಮಾಡ್ಬೇಡ. ನೀನು ಮಾತಾಡ್ಬೇಕು ಅಪ್ಪಾ. ಮಾತಾಡದಿದ್ರೆ ನೀನು ಎಲ್ಲಿದೀಯ ಅಂತ ಇನ್ಮೇಲೆ ನಂಗೆ ಗೊತ್ತಾಗಲ್ಲ."

ಹಾನುಸ್ ಟೋಪಿ ತೆಗೆದು ಮುಖ ಒರೆಸಿಕೊಂಡ.

"ಇಲ್ಲಿದೀನಿ," ಅಂದ. ದನಿ ಒಡೆದಿತ್ತು. ಗಂಟಲು ಸರಿಮಾಡಿಕೊಂಡು ಇನ್ನೂ ಜೋರಾಗಿ ಹೇಳಿದ, "ಇಲ್ಲೇ ಇದೀನಿ ಕಣೇ. ಕೇಳ್ತಿದ್ಯಾ? ಇಲ್ಲೇ ಇದೀನಿ."