ಕುಣಿಮಗ್ಗದೊಳಗಿನ ಅಕ್ಕ

ಫೋನು ಬಂದಾಗ ಹಣಮೇಶ ವಿದ್ಯಾಗಿರಿಯ ಕಾಲೇಜಿನ ಮುಂದೆ ತನ್ನ ಟಂಟಂ ಆಟೋ ನಿಲ್ಲಿಸಿಕೊಂಡು ಸೀಟು ತುಂಬುವುದನ್ನೇ ಕಾಯುತ್ತಿದ್ದ. ಆ ಕಡೆಯಿಂದ ಇಳಕಲ್ಲಿನ ಚಂದಪ್ಪ, ಹನ್ನೆರಡು ಕೈಮಗ್ಗಗಳ ಮಾಲೀಕ. ದನಿಯಲ್ಲಿ ಬೆಣ್ಣೆ ಸವರಿಕೊಂಡಿದ್ದ.

"ಹಣಮೇಶಪ್ಪ, ಸ್ವಲ್ಪ ಬಂದ ಹೋಗಬೇಕಲ್ಲೋ. ಮಗ್ಗದ ಮನ್ಯಾಗ ಅದು ಬಂದ ಸೇರೇತಿ."

"ಅದು ಅಂದ್ರ ಏನ್ರಿ? ಹೆಸರಿಲ್ಲೇನ ಅದಕ್ಕ?"

"ಜೋರಾಗಿ ಅನಬ್ಯಾಡೋ ಮಾರಾಯಾ. ರಗತಗುಡುಕ. ನಿನ್ನಿ ರಾತ್ರಿ ವಾಚಮನ್ ರಾಚಯ್ಯನ ಕುತ್ತಿಗಿಗೆ ಬಾಯಿ ಹಾಕೇತಿ, ಹೆಂಗೋ ಉಳದಾನ. ಹಿಂದಿನ ಬಾಗಲ್ಲೆ ಬಾ, ಮುಂದ ಗಿರಾಕಿ ಇರ್ತಾರ."

ಹಣಮೇಶನ ಮೈ ಉರಿಯಿತು. ಸತ್ತ ಮೇಲೆ ಎದ್ದು ಬಂದು ಬದುಕಿದವರ ನೆತ್ತರು ಹೀರುವವರನ್ನು ಹುಡುಕಿ ಕಳಿಸುವ ಈ ಕೆಲಸ ಅವನಿಗೆ ಸೋದರಮಾವ ಹುಲ್ಲಪ್ಪನಿಂದ ಬಂದದ್ದು. ಹುನಗುಂದದಿಂದ ಬಾದಾಮಿಯವರೆಗೆ ಎಷ್ಟು ಮನೆಗಳಲ್ಲಿ ಅವನು ಜಾಲಿಯ ಗೂಟ ಬಡಿದಿಲ್ಲ! ಕೆಲಸ ಇದ್ದಾಗ ಕಾಲಿಗೆ ಬೀಳುವ ಮಂದಿಯೇ ಕೆಲಸ ಮುಗಿದ ಮೇಲೆ ಅವನನ್ನು ಕಂಡರೆ ರಸ್ತೆ ದಾಟುತ್ತಾರೆ. ಎಲ್ಲರಿಗೂ ಗಾಜಿನ ಗ್ಲಾಸಿನಲ್ಲಿ ಚಹಾ, ಇವನಿಗೆ ಕಾಗದದ ಕಪ್ಪಿನಲ್ಲಿ. ಹೆಣ ಮುಟ್ಟಿದ ಕೈ ಅಂತೆ. ಹಂಗಾದರೆ ಆ ಕೈಯನ್ನು ಕರೆಯುವುದೇಕೆ? ಬೈದುಕೊಳ್ಳುತ್ತಲೇ ಅವನು ಟಂಟಂ ಮನೆಯ ಮುಂದೆ ಬಿಟ್ಟು, ಗೂಟ, ಸುತ್ತಿಗೆ, ಬೀರಪ್ಪ ದೇವರ ಭಂಡಾರದ ಅರಿಶಿನದ ಚೀಲ ತೆಗೆದುಕೊಂಡು ಬಸ್ಸು ಹತ್ತಿದ.

ಅಮೀನಗಡದಲ್ಲಿ ಬಸ್ಸು ನಿಂತಿತು. ಇಳಕಲ್ಲಿಗೆ ಹೋಗುವಾಗೆಲ್ಲ ಇಲ್ಲಿ ಇಳಿದು ಅಕ್ಕ ಸೋಮವ್ವನಿಗೆ ಕಾಲು ಕಿಲೋ ಕರದಂಟು ಕಟ್ಟಿಸುವುದು ಅವನ ರೂಢಿ. ಕಾಲು ತಾನಾಗಿಯೇ ಬಾಗಿಲಿನ ಕಡೆ ಹೋಗಿ, ಅರ್ಧಕ್ಕೆ ನಿಂತಿತು. ಅಕ್ಕ ಸತ್ತು ಇಪ್ಪತ್ತೆರಡು ದಿನವಾಗಿತ್ತು. ಪಟ್ಟದಕಲ್ಲಿನ ನೆಂಟರ ಮನೆಗೆ ಹೋದಾಗ ಹೊಳೆಯ ದಂಡೆಯಲ್ಲಿ ಅವಳಿಗೆ ಒಂದು ರಗತಗುಡುಕ ಕಚ್ಚಿತ್ತು. ಮರುದಿನವೇ ಹಣಮೇಶ ಅದನ್ನು ಹುಡುಕಿ ಮುಗಿಸಿದ. ಆದರೆ ಅಕ್ಕ ಉಳಿಯಲಿಲ್ಲ.

ಅವ್ವ ಸತ್ತಾಗ ಹಣಮೇಶನಿಗೆ ಐದು ವರ್ಷ, ಸೋಮವ್ವನಿಗೆ ಹದಿನೆಂಟು. ಅದೇ ವರ್ಷ ಮದುವೆಯಾಗಿ ಇಳಕಲ್ಲಿಗೆ ಬಂದಾಗ ತಮ್ಮನ ಕೈ ಹಿಡಿದುಕೊಂಡೇ ಹೊಸ್ತಿಲು ದಾಟಿದ್ದಳು. "ಸೊಸಿ ಒಬ್ಬಾಕೀನ್ನ ಕೇಳಿದ್ವಿ, ಇದೇನ ಜೋಡಿ ಬಂತು?" ಎಂದಿದ್ದಳು ಅತ್ತೆ. "ನಾ ಉಣ್ಣೂದ್ರಾಗ ಅರ್ಧಾ ಅವಗ. ನಿಮ್ಮ ರೊಟ್ಟಿ ಒಂದೂ ಹೆಚ್ಚಿಗಿ ಹೋಗೂದಿಲ್ಲ ಅತ್ತಿ," ಎಂದವಳು ಆರು ವರ್ಷ ಹಾಗೆಯೇ ನಡೆಸಿದಳು. ಏಳನೇ ಇಯತ್ತೆಯಲ್ಲಿ ಮಾಸ್ತರರು "ಕುರಿ ಕಾಯೂ ಬುದ್ಧಿ" ಎಂದರೆಂದು ಇವನು ಡಸ್ಟರ್ ಬೀಸಿ ಒಗೆದು ಶಾಲೆ ಬಿಟ್ಟು ಬಂದ ದಿನ, ಅವಳು ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟು, "ಮೊದಲ ಉಣ್ಣು, ಬೈಯೂದು ಆಮ್ಯಾಲ ಐತಿ," ಎಂದಳು. ಆಮೇಲೆ ಎಂದೂ ಬೈಯಲಿಲ್ಲ. ಗಂಡ ತೀರಿಕೊಂಡ ಮೇಲೆ ಚಂದಪ್ಪನ ಮಗ್ಗದಲ್ಲಿ ಕೂತು ಸೀರೆ ನೇಯ್ದು ತಾನೂ ಉಂಡಳು, ಇವನ ಮದುವೆಯನ್ನೂ ಮಾಡಿದಳು. ತಾನು ಮನುಷ್ಯ ಅನ್ನಿಸಿಕೊಂಡಿರುವುದು ಆ ಒಬ್ಬಳಿಂದ ಎಂಬುದು ಹಣಮೇಶನಿಗೆ ಗೊತ್ತಿತ್ತು. ಅದನ್ನು ಒಂದು ದಿನವಾದರೂ ಬಾಯಿಬಿಟ್ಟು ಅವಳಿಗೆ ಹೇಳಿರಲಿಲ್ಲ, ಅಷ್ಟೇ.

ಚಂದಪ್ಪ ಹಿತ್ತಲ ಓಣಿಯಲ್ಲಿ ಕಾಯುತ್ತಿದ್ದ.

"ಎಷ್ಟ ದಿನಾ ಆತ್ರಿ ಬಂದು?" ಹಣಮೇಶ ಕೇಳಿದ.

"ಹದಿನೈದ ದಿನಾ ಆಗಿರಬೇಕ."

"ಹದಿನೈದ ದಿನಾ ಬಾಯಿ ಮುಚಗೊಂಡ ಕುಂತಿದ್ರ್ಯಾ?"

"ಯಾರಿಗೂ ಏನೂ ಮಾಡಿದ್ದಿಲ್ಲೋ." ಚಂದಪ್ಪ ನೆಲ ನೋಡಿದ. "ನೇಯ್ತಿತ್ತ."

"ಏನಂದ್ರಿ?"

"ರಾತ್ರಿ ಕುಂತ ಸೀರಿ ನೇಯ್ತಿತ್ತ. ಮುಂಜಾನೆ ಬಂದು ನೋಡಿದ್ರ ಒಂದ ಗೇಣ ಮುಂದ ಹೋಗಿರ್ತಿತ್ತ. ಭಾಳ ಚಲೋ ಕೈ. ನಾವ್ಯಾಕ ಬ್ಯಾಡ ಅನ್ನೂಣು ಅಂತ..."

"ಸತ್ತವರ ಕಡಿಂದನೂ ದುಡಿಸಿಕೊಂಡ್ರಿ. ಬದಕಿದವರ ಕುತ್ತಿಗಿಗೆ ಬಂದಾಗ ನಾ ನೆನಪಾದೆ." ಹಣಮೇಶ ಸುತ್ತಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಯಾವ ಮಗ್ಗ?"

"ಮೂಲ್ಯಾಗಿಂದು," ಎಂದ ಚಂದಪ್ಪ, ಈಗಲೂ ಮುಖ ಎತ್ತದೆ.

ಮೂಲೆಯ ಮಗ್ಗ ಯಾರದೆಂದು ಹಣಮೇಶನಿಗೆ ಗೊತ್ತಿತ್ತು. ಹತ್ತು ವರ್ಷ ಅಲ್ಲಿಗೇ ಅವನು ಕರದಂಟಿನ ಪೊಟ್ಟಣ ತಂದು ಕೊಟ್ಟಿದ್ದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕಿಟಕಿಗಳಿಗೆಲ್ಲ ಗೋಣಿಚೀಲ ಬಡಿದಿದ್ದರು. ಹೊರಗೆ ಇನ್ನೂ ಬಿಸಿಲಿದ್ದರೂ ಒಳಗೆ ಕತ್ತಲು. ಇಳಕಲ್ಲಿನ ಕುಣಿಮಗ್ಗ ಎಂದರೆ ನೇಕಾರ ನೆಲದ ಮೇಲೆ ಕೂತು ಕಾಲು ಇಳಿಬಿಡಲು ಸೊಂಟದಾಳದ ತಗ್ಗು ಇರುತ್ತದೆ. ಮೂಲೆಯ ಮಗ್ಗದ ಆ ತಗ್ಗಿನಲ್ಲಿ, ಮೊಣಕಾಲು ಎದೆಗೆ ಮಡಿಚಿಕೊಂಡು, ಅಕ್ಕ ಮಲಗಿದ್ದಳು. ಮಣ್ಣು ಕೊಟ್ಟಾಗ ಉಡಿಸಿದ್ದ ಅದೇ ಸೀರೆ.

ಅವನು ಗೂಟ ಹಿಡಿದು ಬಾಗಿದ. ಅವಳು ಕಣ್ಣು ತೆರೆದಳು.

"ಉಂಡ ಬಂದೀಯೇನ ಹಣಮ್ಯಾ?"

ಗೂಟ ಕೈಯಿಂದ ಜಾರಿ ತಗ್ಗಿನೊಳಗೆ ಬಿತ್ತು. ಅವಳೇ ಎತ್ತಿ ಮೇಲಿಟ್ಟಳು.

"ಅಕ್ಕಾ, ಹೆಂಗ ಬೇ ಇದು? ಭಂಡಾರ ಹಾಕಿದ್ದೆ. ತಲಿ ಕಡಿ ಗೂಟ ಬಡದಿದ್ದೆ. ಒಂದೂ ಬಿಟ್ಟಿಲ್ಲ ನಾ. ನೀ ಹೆಂಗ ಎದ್ದಿ?"

"ನೀನ ಕರದೆಲ್ಲಪಾ."

"ನಾ ಎಲ್ಲಿ ಕರದ್ನಿ?"

"ಮಣ್ಣ ಕೊಟ್ಟ ತಿರಗೂ ಮುಂದ ಏನಂದಿ, ನೆನಪ ಮಾಡ್ಕೋ."

ನೆನಪು ಮಾಡಿಕೊಂಡ. ನೆತ್ತಿಯ ಮೇಲೆ ಯಾರೋ ಬಡಿದಂತಾಯಿತು. ಈ ಸೀಮೆಯಲ್ಲಿ ಹೊರಟವರಿಗೆ ಯಾರೂ "ಹೋಗು" ಎನ್ನುವುದಿಲ್ಲ. ನೀರಿಗೆ ಹೊರಟವಳಿಗೂ, ಸಂತೆಗೆ ಹೊರಟವನಿಗೂ "ಹೋಗಿ ಬಾ". ಬರಿಯ "ಹೋಗು" ಅಪಶಕುನ. ರಗತಗುಡುಕ ಕಚ್ಚಿ ಸತ್ತವರಿಗೆ ಮಾತ್ರ ಹತ್ತಿರದವರು ಕುಣಿಯ ಮುಂದೆ ನಿಂತು "ಹೋಗು" ಎನ್ನಬೇಕು. ಅಷ್ಟೇ ಎನ್ನಬೇಕು. ಎಷ್ಟೋ ಮನೆಯವರನ್ನು ಸಾಲಾಗಿ ನಿಲ್ಲಿಸಿ, ಅಳುವವರನ್ನು ಗದರಿಸಿ, ಆ ಮಾತು ಆಡಿಸಿದವನು ಹಣಮೇಶ. ತನ್ನ ಅಕ್ಕನ ಕುಣಿಯ ಮುಂದೆ ಕಣ್ಣೀರು ಒರೆಸಿಕೊಳ್ಳುತ್ತ ತಾನೇ ಅಂದಿದ್ದ, "ಹೋಗಿ ಬಾ ಅಕ್ಕಾ."

"ನೀ ಹೋಗಿ ಬಾ ಅಂದಿ. ಹೋಗಿದ್ದೆ, ಬಂದೆ," ಎಂದು ಸೋಮವ್ವ ನಕ್ಕಳು. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಹಲ್ಲು ತಮ್ಮನಿಗೆ ಕಾಣದಿರಲೆಂದು. "ಬ್ಯಾಸರ ಮಾಡ್ಕೋಬ್ಯಾಡ. ನನಗ ಭಾಳ ಚಲೋ ಆತು. ಸಾಯೂವಾಗ ಸೀರಿ ಅರ್ಧಾ ಬಿಟ್ಟಿದ್ದೆ. ಸೆರಗಿನ ಎಳಿ ಮೈಯ್ಯ ಎಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಸೂದು ಇತ್ತ. ಬ್ಯಾರೇದವರು ಮಾಡಿದ್ರ ಗಂಟ ಕಾಣ್ತಿದ್ವು. ಈಗ ನೋಡು, ಎಲ್ಲಿ ಕೂಡೇತಿ ಹೇಳು ನೋಡೂಣು."

ಅವನು ಮೊಬೈಲಿನ ಬೆಳಕು ಹಿಡಿದ. ಕೆಂಪು ಸೆರಗು ಸೀರೆಯೊಳಗಿಂದಲೇ ಹುಟ್ಟಿದಂತೆ ಇತ್ತು.

"ಹದಿನೈದ ದಿನಾ ಯಾರರ ಹೆಚ್ಚಿಗಿ ಕೊಡ್ತಾರೇನ? ನೀ ಕೊಟ್ಟಿ," ಎಂದಳು ಅಕ್ಕ. "ಈಗ ಸಾಕಪಾ. ಕಳಸು ನನ್ನ."

"ಕಳಸೂದಿಲ್ಲ."

"ಹೊತ್ತ ಮುಳಗಾಕ ಒಂದ ತಾಸು ಐತಿ, ಹಣಮ್ಯಾ."

"ಬಾದಾಮಿ ಗುಡ್ಡದಾಗ ನನ್ನ ದೋಸ್ತ ಆನಂದನ ಕುರಿ ಹಿಂಡ ಐತಿ. ಗವಿ ಅದಾವ. ದಿನಾ ಒಂದ ಕುರಿ ಕೊಡ್ತೇನಿ. ಯಾರಿಗೂ ಗೊತ್ತಾಗೂದಿಲ್ಲ. ಯಾವನರ ಕೇಳಿದ್ರ ಅವನ ಹಲ್ಲ ಉದರಸ್ತೇನಿ!"

"ಸಣ್ಣಾಂವಿದ್ದಾಗಿಂದ ಹಲ್ಲ ಉದರಸೂದ ಬಿಟ್ರ ಬ್ಯಾರೇ ಉಪಾಯನ ಇಲ್ಲ ನಿನಗ." ಅವಳು ಮತ್ತೆ ಗಂಭೀರವಾದಳು. "ಕೇಳ್ ಇಲ್ಲೆ. ಹದಿನಾಲ್ಕ ದಿನಾ ಆಡಿನ ರಗತದಾಗ ತಡಕೊಂಡೆ. ನಿನ್ನಿ ರಾಚಯ್ಯ ಬ್ಯಾಟರಿ ಹಿಡಕೊಂಡು ಯಾರದು ಅಂತ ಬಾಗಿ ನೋಡಿದ. ಎರಡ ಗುಟುಕಿಗೆ ಬಾಯಿ ತಗದೆ, ಹೆಂಗ ತಗದ್ನೋ ಬೀರಪ್ಪಗ ಗೊತ್ತ. ಇವತ್ತ ತಗ್ಯಾಂಗಿಲ್ಲ ನಾ. ರುಚಿ ಹತ್ತೇತಿ. ಅವಗ ಎರಡ ಸಣ್ಣ ಹುಡುಗ್ಯಾರ ಅದಾವ."

ಹಣಮೇಶ ಗೂಟವನ್ನು ಪಕ್ಕಕ್ಕೆ ಸರಿಸಿದ. ಅವಳನ್ನು ಉಳಿಸಿಕೊಂಡರೆ ಇನ್ನೊಬ್ಬರ ಮನೆಯಲ್ಲಿ ಹೆಣ. ಕಳಿಸಿದರೆ ತನ್ನ ಕೈಯಿಂದಲೇ, ತನಗೆ ಅರ್ಧ ರೊಟ್ಟಿ ಮುರಿದು ಕೊಟ್ಟವಳನ್ನು. ಅದೂ ಗೂಟದಿಂದ ಆಗುವ ಕೆಲಸವಲ್ಲ. ಕರೆಸಿಕೊಂಡು ಬಂದವರ ಎದೆಗೆ ಗೂಟ ಇಳಿಯುವುದಿಲ್ಲ. ಕರೆದವನೇ ಮುಖ ನೋಡಿ "ಹೋಗು" ಎನ್ನಬೇಕು. ತುಟಿಯ ಮಾತು ನಡೆಯುವುದಿಲ್ಲ, ಕರುಳಿನಿಂದ ಬರಬೇಕು. ಮಾವ ಹುಲ್ಲಪ್ಪ ಹೇಳಿಕೊಟ್ಟದ್ದು ಅಷ್ಟು.

ಅವಳ ಮುಖ ನೋಡಿ ಅವನು, "ಹೋಗು," ಎಂದ.

ಏನೂ ಆಗಲಿಲ್ಲ.

"ಹೋಗು ಅಕ್ಕಾ."

"ಇದ್ಯಾವ ಹೋಗು ಲೇ? ಬಸ್ ಸ್ಟ್ಯಾಂಡಿಗೆ ಬಿಡಾಕ ಬಂದಾಂವ ಅಂದಂಗ ಆತು."

ಮೂರನೆಯ ಸಲ ಬಾಯಿ ತೆರೆದ. ಬಂದದ್ದು "ಹೋಗಿ ಬಾ". ಅವನು ಹಣೆ ಬಡಿದುಕೊಂಡ. ಸೋಮವ್ವ ಬಿದ್ದು ಬಿದ್ದು ನಕ್ಕಳು. ಅವನಿಗೂ ಅಳುವಿನ ನಡುವೆ ನಗು ಬಂತು.

"ನನ್ನ ಕೈಲೆ ಆಗೂದಿಲ್ಲ ಬೇ. ನೀ ಇಲ್ಲಂದ್ರ ನಾ ಎಲ್ಲಿರ್ತಿದ್ದೆ? ಯಾವದರ ಹೋಟೆಲ್‌ನಾಗ ತಾಟ ತೊಳಕೋತ ಇರ್ತಿದ್ದೆ. ಇಲ್ಲಾ ಜೇಲ್‌ನಾಗ. ನಿನಗ ಹೆಂಗ ಹೋಗು ಅನ್ಲಿ?"

ಅವಳು ಕೈ ಚಾಚಿ ಅವನ ಮುಂಗೈ ಮುಟ್ಟಿದಳು. ಬಾವಿಯ ತಳದ ಕಲ್ಲಿನಂತೆ ತಣ್ಣಗಿತ್ತು ಕೈ. ಮುಟ್ಟಿದವಳೇ ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು. ಅವನ ಮಣಿಕಟ್ಟಿನ ನರದ ಮೇಲೆ ಅವಳ ಕಣ್ಣು ನಿಂತುಬಿಟ್ಟಿತ್ತು. ಗೋಣಿಚೀಲದ ತೂತಿನಿಂದ ಬೀಳುತ್ತಿದ್ದ ಬಿಸಿಲಿನ ಚುಕ್ಕೆ ಗೋಡೆಯ ಮೇಲೆ ಕೆಂಪಾಗುತ್ತ ಬಂದಿತ್ತು.

"ನಿನ್ನ ನಮ್ಮವ್ವ ಹಡದಿಲ್ಲ, ಗೊತ್ತೈತಿಲ್ಲೊ?" ಎಂದಳು ಒಮ್ಮೆಲೆ. "ತೌಡ ಕೊಟ್ಟು ಸಂತ್ಯಾಗ ತಂದದ್ದು."

ಚಿಕ್ಕಂದಿನಲ್ಲಿ ಈ ಮಾತಿಗೆ ಅವನು ಮೈಮೇಲೆ ಬಂದವನಂತೆ ಆಡುತ್ತಿದ್ದ. ಈಗ ಬರಿ ಮೂಗು ಒರೆಸಿಕೊಂಡ. "ತಂದದ್ದು ಚಲೋ ಆತ ಬಿಡು."

"ಕುರಿ ಕಾಯೂ ಬುದ್ಧಿ. ಮಾಸ್ತರ ಖರೇನ ಅಂದಿದ್ರ."

"ಅನ್ಲಿ."

ಸೋಮವ್ವ ತಮ್ಮನ ಮುಖವನ್ನು, ಹಣೆಯಿಂದ ಗದ್ದದವರೆಗೆ, ನೇಯ್ದು ಮುಗಿಸಿದ ಸೀರೆ ನೋಡುವಂತೆ ನೋಡಿದಳು. ಆಮೇಲೆ ಬಾಯಿಗೆ ಹಿಡಿದಿದ್ದ ಸೆರಗನ್ನು ಬಿಟ್ಟಳು. ಹಲ್ಲು ಕಂಡವು. ದನಿ ಬದಲಾಯಿತು.

"ಕಳಸಬ್ಯಾಡ ಹಂಗಾರ. ಹೊತ್ತ ಮುಳಗಿದ್ರ ನಾ ಇಲ್ಲೆ ಕುಂದ್ರೂದಿಲ್ಲ. ವಿದ್ಯಾಗಿರಿಗೆ ಬರ್ತೇನಿ, ನಿಮ್ಮ ಮನಿಗೆ. ನಿನ್ನ ಮಗಳು ಭುವನೇಶ್ವರಿ ಅದಾಳಲ್ಲ, ಅತ್ತಿ ಅಂದ್ರ ಜೀವ ಬಿಡ್ತಾಳ. ಬಾಗಲಾ ತಗೀ ಅಂದ್ರ ಓಡಿ ಬಂದ ತಗೀತಾಳ. ಎಳೀ ಕುತ್ತಿಗಿ. ಎರಡ ಗುಟುಕಿಗೆ ಬಿಡೂದಿಲ್ಲ ನಾ..."

"ಅಕ್ಕಾ!"

"ನೀ ಬಂದ ನೋಡೂದ್ರಾಗ ಬಿಳಿಚಿಗೊಂಡ ಬಿದ್ದಿರ್ತಾಳ. ಆವಾಗ ಅಳಕೋತ ಕುಂದ್ರು, ಹಿಂಗ..."

ಹಣಮೇಶನ ಕಣ್ಣಿಗೆ ಕತ್ತಲೆ ಬಂತು. ಎದುರಿಗಿದ್ದವಳು ಯಾರೆಂಬುದೇ ಮರೆಯಿತು. ಮಗ್ಗದ ಮರ ಅಲುಗುವಂತೆ ಗುದ್ದಿ, ಗಂಟಲು ಹರಿಯುವಂತೆ ಕೂಗಿದ:

"ಹೋಗು! ಹೋಗ ಇಲ್ಲಿಂದ! ನನ್ನ ಮಗಳ ಹೆಸರ ಎತ್ತಬ್ಯಾಡ, ಹೋಗು!"

ಕೂಗು ಗೋಡೆಗೆ ಬಡಿದು ತಿರುಗಿ ಬರುವಷ್ಟರಲ್ಲಿ ಅವನಿಗೆ ತಿಳಿಯಿತು. ಅಕ್ಕನ ಮುಖದಲ್ಲಿ ಆ ಕೋರೆಹಲ್ಲಿರಲಿಲ್ಲ, ಹಸಿವಿರಲಿಲ್ಲ. ನಗುತ್ತಿದ್ದಳು. ಮೊಂಡ ಹುಡುಗ ಕೊನೆಗೂ ತುತ್ತು ನುಂಗಿದಾಗ ತಾಯಂದಿರು ನಗುವ ನಗು. "ಹಾಂ, ಇದು..." ಎಂದಳು. ಮಾತು ಮುಗಿಯಲಿಲ್ಲ. ತಗ್ಗಿನಲ್ಲಿ ಒಂದು ಸೀರೆ, ಒಂದು ಬೊಗಸೆ ಮಸಣದ ಕೆಮ್ಮಣ್ಣು ಉಳಿಯಿತು.

ಹೊರಗಿನಿಂದ ಚಂದಪ್ಪ ಬಾಗಿಲು ಬಡಿಯುತ್ತಿದ್ದ. "ಏನಾತೋ? ಮುಗೀತೇನ?" ಹಣಮೇಶ ಅವನ ಮೇಲೆ ಸಿಟ್ಟು ಮಾಡಬೇಕೆಂದು ಹುಡುಕಿದ, ಒಳಗೆ ಒಂದು ಕಿಡಿಯೂ ಉಳಿದಿರಲಿಲ್ಲ. ಊರೆಲ್ಲ ಹಳಿದ ಸಿಟ್ಟು, ಶಾಲೆ ಬಿಡಿಸಿದ ಸಿಟ್ಟು, ಅಕ್ಕ ಅದನ್ನೇ ಕೆಲಸಕ್ಕೆ ಹಚ್ಚಿದ್ದಳು. ಇನ್ನೊಬ್ಬರಾಗಿದ್ದರೆ ಕಳಿಸಿದ ಪಾಪವನ್ನು ತಮ್ಮನ ತಲೆಗೆ ಕಟ್ಟಿ ಹೋಗುತ್ತಿದ್ದರು. ಇವಳು ಕೆಟ್ಟವಳೆಂಬ ಹೆಸರನ್ನು ತಾನೇ ಹೊತ್ತುಕೊಂಡು, ಅವನು ಆರಿಸಿಕೊಳ್ಳುವ ಪ್ರಸಂಗವೇ ಬರದಂತೆ ಮಾಡಿ ಹೋಗಿದ್ದಳು.

ಅವನು ತಗ್ಗಿನಲ್ಲಿ ಇಳಿದು ಮಣ್ಣನ್ನೆಲ್ಲ ಸೀರೆಯೊಳಗೆ ಬಳಿದು ಕಟ್ಟಿದ. ಇಪ್ಪತ್ತೇಳು ವರ್ಷ ಅವಳ ಕೈಯಿಂದ ಉಂಡಿದ್ದ. ಉಂಡೆದ್ದವರು ಬಡಿಸಿದವರಿಗೆ ಆಡುವ ಒಂದು ಮಾತು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಅವನು ಮಾತ್ರ ಅಕ್ಕನಿಗೆ ಅದನ್ನು ಆಡಿರಲಿಲ್ಲ. ಮನೆಯವಳಿಗೆ ಯಾಕೆ ಹೇಳಬೇಕು ಎಂದುಕೊಂಡೇ ಇಷ್ಟು ವರ್ಷ ಕಳೆದಿದ್ದ. ಗಂಟನ್ನು ಎದೆಗೆ ಒತ್ತಿಕೊಂಡು, ಬಾಗಿಲು ಬಡಿಯುವ ಸದ್ದಿನ ನಡುವೆ, ಮೆಲ್ಲಗೆ ಹೇಳಿದ:

"ನಿನ್ನ ಹೊಟ್ಟಿ ತಣ್ಣಗಿರಲಿ ಅಕ್ಕಾ."