ಆ ದಡವನ್ನೂ ಕೇಳಿ

ನಮ್ಮೂರ ಹೊಳೆ ಬೇಸಿಗೆಯಲ್ಲಿ ಬಲು ಸಾಧು. ಸೀರೆ ನೆನೆಯದ ಹಾಗೆ ದಾಟಬಹುದು. ಮಳೆ ಹಿಡಿಯಿತೋ, ಈಚೆಯವರು ಈಚೆ, ಆಚೆಯವರು ಆಚೆ. ಆಸ್ಪತ್ರೆ ಇರುವುದು ಆಚೆ. ನರ್ಸಮ್ಮ ಇರುವುದೂ ಆಚೆ.

ಹಿಂದಿನ ಮಳೆಗಾಲದಲ್ಲಿ ಎಸ್ಟೇಟಿನ ಕೂಲಿಯವರ ಲೈನುಮನೆಯ ಬೆಳ್ಳಿಗೆ ಹೆರಿಗೆ ನೋವು ಬಂತು. ನರ್ಸಮ್ಮ ಆ ದಡದಲ್ಲಿ ಕೊಡೆ ಹಿಡಿದು ನಿಂತು, ಹೀಗೆ ಮಾಡಿ, ಹಾಗೆ ಮಾಡಿ ಎಂದು ಕೂಗಿ ಹೇಳಿದರು. ನೀರಿನ ಸದ್ದಿನಲ್ಲಿ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಮಗು ಉಳಿಯಲಿಲ್ಲ.

ಈ ವರ್ಷ ನನ್ನ ಮಗಳು ಯಮುನ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ದಿನ ತುಂಬುವುದು ಆಟಿ ತಿಂಗಳಲ್ಲಿ, ಜಡಿಮಳೆಯ ನಡುವೆ. ನನಗೆ ನಿದ್ದೆ ಹೇಗೆ ಬರಬೇಕು, ನೀವೇ ಹೇಳಿ.

ಹಾಗಾಗಿ ಕಾಲುಸೇತುವೆಯ ಮಾತು ಎದ್ದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಊರವರು ಮೈಮುರಿದು ದುಡಿದರೆ ನಮ್ಮ ಕೊಡಗು ರಾಜ್ಯದ ಸರ್ಕಾರ ಕಬ್ಬಿಣ, ಹಲಗೆ ಕೊಡುತ್ತದೆ ಎಂದು ಗ್ರಾಮಸೇವಕರು ಬಂದು ಹೇಳಿದರು. ಕಮಿಟಿ ಆಯಿತು. ನಮ್ಮ ಮನೆಯವರು, ಪೂವಯ್ಯ, ಅಧ್ಯಕ್ಷರಾದರು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ.

ದಿನಾ ನಮ್ಮ ಜಗಲಿಯಲ್ಲಿ ಮೀಟಿಂಗ್. ಬರುವವರೆಲ್ಲ ಇವರ ಗೆಳೆಯರೇ. ಕಾಫಿ ಕಾಯಿಸಿ ಕಾಯಿಸಿ ನನಗೆ ಸಾಕುಸಾಕಾಯಿತು.

"ಆಚೆ ಊರಿನವರನ್ನು ಕೇಳಿದಿರಾ?" ಎಂದೆ.

"ಅವರನ್ನು ಎಂತ ಕೇಳುವುದು? ಸೇತುವೆ ಬೇಡ ಎನ್ನುವವರು ಯಾರುಂಟು?"

"ಲೈನಿನವರನ್ನು?"

"ಅವರು ಹೇಳಿದ ಕೆಲಸ ಮಾಡುತ್ತಾರೆ. ನೀನು ಕಾಫಿ ತಾ."

ಸೇತುವೆಯ ಜಾಗ ಗುರುತಿಸುವ ಓವರ್ಸಿಯರನ್ನು ಕರೆತರಲು ಮಡಿಕೇರಿಗೆ ಹೋಗಲು ಇವರಿಗೆ ಕಾಲಿತ್ತು. ಹೊಳೆ ದಾಟಲು ಮಾತ್ರ ಇರಲಿಲ್ಲ.

ಶ್ರಮದಾನದ ದಿನ ಬಂತು. ಈ ದಡದಲ್ಲಿ ಕಂಬಕ್ಕೆ ಗುಂಡಿ ತೋಡಿದ್ದಾಯಿತು. ಗುದ್ದಲಿ ಹಿಡಿದು ಆಚೆ ದಾಟಿದರೆ ಉತ್ತಯ್ಯ ಅಡ್ಡ ನಿಂತಿದ್ದರು. ಅವರು ಆಚೆ ಊರಿನ ತಕ್ಕರು, ದೇವರ ಕಾರ್ಯಗಳನ್ನು ಮುಂದೆ ನಿಂತು ನಡೆಸುವ ಹಿರಿಯರು.

"ಪೂವಯ್ಯ, ನಮ್ಮೂರಲ್ಲಿ ದೇವರ ಕಟ್ಟು ಬಿದ್ದಿದೆ. ಹಬ್ಬ ಮುಗಿಯುವವರೆಗೆ ಮಣ್ಣು ಅಗೆಯುವ ಹಾಗಿಲ್ಲ, ಮರ ಕಡಿಯುವ ಹಾಗಿಲ್ಲ. ನಿನಗೆ ಗೊತ್ತಿಲ್ವಾ?"

ನಮ್ಮೂರಿನ ಹಬ್ಬ ಆಗಲೇ ಮುಗಿದಿತ್ತು. ಆಚೆ ಊರಿನ ಕಟ್ಟು ಇವರ ನೆನಪಿಗೇ ಬಂದಿರಲಿಲ್ಲ.

"ಮತ್ತೆ, ಈ ಸೇತುವೆ ಬಂದು ಇಳಿಯುವುದು ನಾನು ಭತ್ತದ ಅಗೆ ಹಾಕುವ ಸಸಿಮಡಿ ಗದ್ದೆಗೆ. ಊರೆಲ್ಲ ತುಳಿದುಕೊಂಡು ಹೋದರೆ ನಾನು ನಾಟಿಗೆ ಎಂತ ಮಾಡುವುದು?"

ಲೈನಿನವರು ಗುದ್ದಲಿ ಕೆಳಗಿಟ್ಟರು. ದೇವರ ಕಟ್ಟು ಮುರಿಯಲು ಯಾರಿಗೆ ಧೈರ್ಯ? ಆ ದಿನದ ಕೆಲಸ ಅಲ್ಲಿಗೇ ನಿಂತಿತು.

ಇವರು ಮನೆಗೆ ಬಂದು ಟೋಪಿ ಬಿಸಾಡಿದರು. "ಅವರಿಗೆ ಸೊಕ್ಕು! ನಾಳೆಯೇ ಮಡಿಕೇರಿಗೆ ಹೋಗಿ ದೂರು ಕೊಡುತ್ತೇನೆ."

ನನಗೆ ಮೈಯೆಲ್ಲ ಉರಿಯಿತು. "ಮತ್ತೆ ಮಡಿಕೇರಿಯಾ? ದೂರು ಕೊಟ್ಟರೆ ಉತ್ತಯ್ಯಣ್ಣ ಗದ್ದೆ ಬಿಟ್ಟುಕೊಡುತ್ತಾರಾ? ಸೇತುವೆಗೆ ಎರಡು ದಡ ಬೇಕು. ನೀವು ಒಂದೇ ದಡವನ್ನು ಕೇಳಿ ಹೊರಟಿರಿ."

"ಎಲ್ಲರನ್ನೂ ಕೇಳುತ್ತಾ ಕೂತರೆ ಕೆಲಸ ಆಗುವುದು ಯಾವಾಗ ಮಾರಾಯ್ತಿ?"

"ಕೇಳದೆ ಎಷ್ಟಾಯಿತು? ಒಂದು ಗುಂಡಿ!"

ಒಳಗೆ ಅಕ್ಕಿ ಆರಿಸುತ್ತಿದ್ದ ಯಮುನ ಬಾಗಿಲಿಗೆ ಬಂದಳು. "ಅಪ್ಪ, ನನಗೂ ನರ್ಸಮ್ಮ ಆ ದಡದಿಂದಲೇ ಕೂಗಿ ಹೇಳಬೇಕಾ?"

ಇವರು ಎದ್ದು, ಬಿಸಾಡಿದ್ದ ಟೋಪಿ ಹುಡುಕಿದರು. "ನೀನೂ ಬಾ ಸರೋಜ," ಎಂದರು.

ಉತ್ತಯ್ಯಣ್ಣನ ಮನೆಯಲ್ಲಿ ನಮಗೆ ಬೈಗುಳ ಸಿಗುತ್ತದೆ ಎಂದುಕೊಂಡಿದ್ದೆ. ಸಿಕ್ಕಿದ್ದು ಕಾಫಿ.

"ಸೇತುವೆ ನನಗೂ ಬೇಕು. ನಮ್ಮ ಮಕ್ಕಳು ಶಾಲೆಗೆ ಬರುವುದು ನಿಮ್ಮ ಕಡೆಗೇ ಅಲ್ವಾ? ಆದರೆ ನನ್ನ ಗದ್ದೆಗೆ ಸೇತುವೆ ಬರುತ್ತದೆ ಅಂತ ನಾನು ಸಂತೆಯಲ್ಲಿ ಯಾರದೋ ಬಾಯಿಂದ ಕೇಳಬೇಕಾ? ಸ್ವಲ್ಪ ಮೇಲೆ ಬಂಡೆ ಉಂಟು. ಅಲ್ಲಿ ಹಾಕು. ಹಬ್ಬ ಮುಗಿಯಲಿ, ನಮ್ಮವರನ್ನೂ ಕರೆದುಕೊಂಡು ಬರುತ್ತೇನೆ."

ಹೊಸ ಜಾಗ ನೋಡಲು ಓವರ್ಸಿಯರನ್ನು ಮತ್ತೆ ಕರೆಸಬೇಕು ಎಂದು ಇವರು ಗೊಣಗಿದರು. ಗೊಣಗಲಿ. ಗೊಣಗಿಕೊಂಡೇ ನನ್ನ ಜೊತೆ ಲೈನಿಗೂ ಬಂದರು.

ಬೆಳ್ಳಿ ತಲೆ ತಗ್ಗಿಸಿ ನಿಂತಳು. ಮಗು ಹೋದ ಮೇಲೆ ಅವಳು ಯಾರ ಹತ್ತಿರವೂ ಹೆಚ್ಚು ಮಾತಾಡುತ್ತಿರಲಿಲ್ಲ. ಸೇತುವೆ ಹೇಗಿದ್ದರೆ ನಿಮಗೆ ಅನುಕೂಲ, ಹೇಳು ಹೇಳು ಎಂದು ಒತ್ತಾಯ ಮಾಡಿದ ಮೇಲೆ ಬಾಯಿಬಿಟ್ಟಳು.

"ಎರಡು ಕಡೆಗೂ ಹಿಡಿದು ನಡೆಯುವ ಕೈಹಿಡಿ ಕಟ್ಟಬೇಡಿ ಅಮ್ಮ. ಸೌದೆ ಹೊರೆ ಸಿಕ್ಕಿಕೊಳ್ಳುತ್ತೆ. ಒಂದೇ ಕಡೆ ಸಾಕು, ಗಟ್ಟಿಯಾಗಿರಲಿ."

ಇವರು ನನ್ನ ಮುಖ ನೋಡಿದರು. ನಾನು ಬೇಕಂತಲೇ ಬೇರೆ ಕಡೆ ನೋಡಿದೆ.

ಹಬ್ಬ ಮುಗಿಯಿತು. ಕೆಲಸದ ದಿನ ಯಾವುದು, ಯಾರು ಏನು ತರಬೇಕು ಎಂದು ಎರಡೂ ಊರಿಗೆ, ಲೈನಿಗೆ, ಇವರೇ ಹೋಗಿ ಹೇಳಿದರು. ಮಳೆಯಿಂದ ದಿನ ಮುಂದೆ ಹೋದಾಗಲೂ ಹೇಳಿಕಳಿಸಿದರು. ಆಚೆಯವರು ಆಚೆಯಿಂದ, ಈಚೆಯವರು ಈಚೆಯಿಂದ ದುಡಿದು, ಹೊಳೆ ತುಂಬುವ ಮುಂಚೆ ಹಲಗೆ ಹೊದಿಸಿ, ಒಂದೇ ಕಡೆ ಕೈಹಿಡಿ ಕಟ್ಟಿದರು. ಮೊದಲು ತೋಡಿದ ಗುಂಡಿ ಹಾಗೇ ಉಳಿದಿದೆ. ನೆನಪಿಗೆ ಇರಲಿ, ಮುಚ್ಚಬೇಡಿ ಎಂದು ನಾನೇ ಹೇಳಿದೆ.

ಆಟಿಯ ಒಂದು ಸಂಜೆ ಯಮುನಳಿಗೆ ನೋವು ಬಂತು. ಹೊಳೆ ಬೊಬ್ಬೆ ಹೊಡೆಯುತ್ತಿತ್ತು. ಬೆಳ್ಳಿ ಓಡಿಹೋಗಿ ನರ್ಸಮ್ಮನನ್ನು ಕರೆತಂದಳು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈ ಕೈಹಿಡಿಯ ಮೇಲೆ, ನರ್ಸಮ್ಮ ಸೇತುವೆ ದಾಟಿ ನಮ್ಮ ಮನೆಯೊಳಗೇ ಬಂದರು. ಏನು ಮಾಡಬೇಕೆಂದು ಹತ್ತಿರ ಕೂತು, ಮೆಲ್ಲಗೆ ಹೇಳಿದರು. ಪ್ರತಿ ಮಾತೂ ಕೇಳಿಸಿತು.

ಮಗು ಅತ್ತಾಗ ಜಗಲಿಯಲ್ಲಿದ್ದ ಬೆಳ್ಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇವರು ಅವಳಿಗೆ ಕೂರಲು ಮಣೆ ಹಾಕಿದರು. ಮೀಟಿಂಗಿನ ಮೊದಲ ದಿನವೇ ಹಾಕಬೇಕಾಗಿದ್ದ ಮಣೆ ಅದು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಬಾವಿ ಬರಬಹುದು, ರಸ್ತೆ ಬರಬಹುದು, ಶಾಲೆ ಬರಬಹುದು. ಯಾರ ಗದ್ದೆಗೆ ತಾಗುತ್ತದೆ, ಯಾರು ದಿನಾ ಅಲ್ಲಿ ಓಡಾಡುತ್ತಾರೆ, ಯಾರು ಅಡ್ಡ ನಿಲ್ಲಬಹುದು, ಮೊದಲೇ ಯೋಚಿಸಿ ಅವರ ಮನೆಗೆ ಹೋಗಿ. ಅವರು ಹೇಳಿದ್ದರಲ್ಲಿ ಆಗುವುದನ್ನು ಮಾಡಿ, ಆಗದ್ದನ್ನು ಎದುರಿಗೇ ಹೇಳಿ. ಜಗಲಿಯಲ್ಲಿ ಕೂತು ಕಾಫಿ ಕುಡಿದದ್ದು ಸಾಕು. ಏಳಿ, ಗುದ್ದಲಿ ಎತ್ತುವ ಮುಂಚೆ ಒಮ್ಮೆ ಹೊಳೆ ದಾಟಿ ಬನ್ನಿ.